ಗುಂಡು ತಡೆಯುವ ನೇಯ್ಗೆ: ಪದರದ ಲೆಕ್ಕವೋ, ನೂಲಿನ ಲೆಕ್ಕವೋ?

ಬದಿಯಡ್ಕದ ಮನೆಯ ಕಂಪ್ಯೂಟರಿನಲ್ಲಿ, 2022ರಲ್ಲಿ ಎಲ್ಲರಿಗೂ ಮುಕ್ತವಾದ, ಡಿಕ್ಕಿ ಹೊಡೆತಗಳನ್ನು ಲೆಕ್ಕ ಹಾಕುವ ತಂತ್ರಾಂಶ ಓಪನ್‌ರೇಡಿಯೋಸ್ ಹಾಕಿಕೊಂಡು, ರಾಳ ಕೂಡಿಸಿದ, ಕೆವ್ಲಾರ್ ಎಂಬ ಗಟ್ಟಿ ಕೃತಕ ನೂಲಿನ ನೇಯ್ಗೆಗೆ ಗುಂಡು ಬಡಿಯುವುದನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದ್ದೇನೆ. ಒಂದರಲ್ಲಿ ಪ್ರತಿ ಪದರವೂ ಒಂದು ಅಖಂಡ ಹಾಳೆ. ಹಾಸಿನ, ಹೊಕ್ಕಿನ ದಿಕ್ಕುಗಳ ಗಡಸುತನವನ್ನು ಅಂಕಿಗಳಲ್ಲಿ ಕೊಟ್ಟರಾಯಿತು. ಇನ್ನೊಂದರಲ್ಲಿ ಒಂದೊಂದು ನೂಲನ್ನೂ ಮೇಲೆ ಕೆಳಗೆ ಹಾಯಿಸಿ ಕಟ್ಟಬೇಕು.

ಪದರದ ಮಾದರಿ ಬೇಗ ಓಡುತ್ತದೆ. ಗುಂಡು ನಿಲ್ಲುತ್ತದೆಯೇ, ದಾಟಿದರೆ ಎಷ್ಟು ವೇಗ ಉಳಿಯುತ್ತದೆ ಎಂಬಷ್ಟಕ್ಕೆ ಅದು ಸಾಕು. ಆದರೆ ಎಲಿಮೆಂಟ್ (ಲೆಕ್ಕಕ್ಕಾಗಿ ಮಾದರಿಯನ್ನು ಸೀಳಿದ ಸಣ್ಣ ತುಂಡು) ಎಷ್ಟು ಹಿಗ್ಗಿದಾಗ ಹರಿಯಿತೆಂದು ಅಳಿಸಬೇಕೆಂಬುದನ್ನು ನಾವೇ ಹೇಳಬೇಕು. ಆ ಅಂಕಿ ತುಸು ಕದಲಿದರೂ ಉಳಿಕೆ ವೇಗ ಬದಲಾಗುತ್ತದೆ. ನಿಜವಾದ ಗುಂಡಿನ ಪರೀಕ್ಷೆಯೊಂದಕ್ಕೆ ಹೊಂದಿಸದ ಪದರದ ಮಾದರಿಯನ್ನು ನಾನು ನಂಬುವುದಿಲ್ಲ. ಹಿಂಬದಿಯ ಉಬ್ಬನ್ನೂ ಗಮನಿಸಿ: ಸಾದಾ ನೇಯ್ಗೆಯಲ್ಲಿ ಅದು ಚೌಕ ಬುಡದ ಗೋಪುರದಂತೆ ಏಳುತ್ತದೆ. ಮಾದರಿಯಲ್ಲಿ ದುಂಡಗೆ ಎದ್ದರೆ ಓರೆ ಎಳೆತದ ಗಡಸುತನ ಹೆಚ್ಚಾಗಿದೆ ಎಂದೇ ಅರ್ಥ.

ನೂಲಿನ ಮಾದರಿಯ ಬಲ ಘರ್ಷಣೆಯಲ್ಲಿದೆ. ಕಾಸರಗೋಡು ಸೀರೆಯ ಕತ್ತರಿಸಿದ ತುದಿಯಿಂದ ಒಂದೆಳೆ ಎಳೆದು ನೋಡಿದವರಿಗೆ ಇದು ಗೊತ್ತು: ಎಳೆ ಹರಿಯುವ ಮೊದಲು ಜಾರುತ್ತದೆ. ರಾಳ ಬಿರುಕು ಬಿಟ್ಟ ಮೇಲೆ ಕೆವ್ಲಾರ್ ನೂಲೂ ಹಾಗೆಯೇ. ಘರ್ಷಣಾಂಕ ತೀರಾ ಕಡಿಮೆ ಕೊಟ್ಟರೆ ನೂಲುಗಳು ಪಕ್ಕಕ್ಕೆ ಸರಿದು, ಹೆಚ್ಚು ಹರಿಯದೆಯೇ ಗುಂಡಿಗೆ ದಾರಿ ಬಿಡುತ್ತವೆ. ಅಖಂಡ ಹಾಳೆ ಇದನ್ನು ಎಂದಿಗೂ ತೋರಿಸಲಾರದು. ಗುಂಡು ಯಾಕೆ ದಾಟಿತು ಎಂದು ತಿಳಿಯಬೇಕಾದವರಿಗೆ ನೂಲಿನ ಲೆಕ್ಕವೇ ಬೇಕು.

ಬೆಲೆ ತೆರುವುದು ಕಾಲದಲ್ಲಿ. ಕೆವ್ಲಾರ್‌ನ ಒಂದು ಬಗೆಯಾದ ಕೆವ್ಲಾರ್ 29ರ ನೂಲಿನುದ್ದಕ್ಕೂ ಅಲೆ ಸೆಕೆಂಡಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಒಂದು ಹೆಜ್ಜೆಯಲ್ಲಿ ಅಲೆ ಒಂದು ಎಲಿಮೆಂಟ್ ದಾಟಬಾರದು; ಹಾಗಾಗಿ ಎಲಿಮೆಂಟ್ 0.1 ಮಿ.ಮೀ. ಇದ್ದರೆ ಲೆಕ್ಕದ ಒಂದು ಹೆಜ್ಜೆ ಸುಮಾರು 14 ನ್ಯಾನೊಸೆಕೆಂಡ್ ಮೀರುವಂತಿಲ್ಲ. ಮೂರೂ ದಿಕ್ಕಿನಲ್ಲಿ ಅಳತೆ ಅರ್ಧಕ್ಕಿಳಿಸಿದರೆ ಎಲಿಮೆಂಟ್ 8 ಪಟ್ಟು, ಹೆಜ್ಜೆ 2 ಪಟ್ಟು; ಕೆಲಸ 16 ಪಟ್ಟು. ಆಟಿಯ ಮಳೆಗೆ ಕರೆಂಟು ಹೋಗುವ ನಮ್ಮೂರಲ್ಲಿ ನಿಂತಲ್ಲಿಂದ ಲೆಕ್ಕ ಮುಂದುವರಿಸಲು ಬೇಕಾದ ರೀಸ್ಟಾರ್ಟ್ ಫೈಲ್ ಆಗಾಗ ಬರೆಯುವಂತೆ ಇಡಲೇಬೇಕು.

ನನ್ನ ಆಯ್ಕೆ ಎರಡರ ಬೆರಕೆ: ಗುಂಡು ಬಡಿಯುವ ನಡುಭಾಗಕ್ಕೆ ನೂಲು, ಸುತ್ತಲೂ ಹಾಳೆ. ಜೋಡಣೆಯ ಗೆರೆಯಲ್ಲಿ ಸಾಂದ್ರತೆ ಮತ್ತು ಅಲೆಯ ವೇಗದ ಗುಣಲಬ್ಧ ಎರಡೂ ಕಡೆ ಹೊಂದಬೇಕು. ಇಲ್ಲದಿದ್ದರೆ ಅಲೆ ಅಲ್ಲಿಂದಲೇ ತಿರುಗಿ ಬಂದು ನೂಲುಗಳ ಒತ್ತಡವನ್ನು ಕೆಡಿಸುತ್ತದೆ. ಮೊದಲು ಒಂದೇ ಪದರ ಕಟ್ಟಿ, ಅಲೆ ಗೆರೆ ದಾಟುವುದನ್ನು ನೋಡಿ, ಆಮೇಲೆ ಪದರ ಸೇರಿಸಿ.