ಸಂಜೆ ಕ್ಲಾಸಾ, ಪಾಸಿಂಗ್ ಪ್ಯಾಕೇಜಾ, ಗುಂಪು ಓದಾ?

ನಮ್ಮದು ಹಳ್ಳಿಯ ಸಣ್ಣ ಸರ್ಕಾರಿ ಪ್ರೌಢಶಾಲೆ. ಗಣಿತ, ಭೌತ, ರಸಾಯನ ಮೂರೂ ನನ್ನ ಪಾಲಿಗೆ. ಹತ್ತನೇ ತರಗತಿಯಲ್ಲಿ 25 ಮಕ್ಕಳಿದ್ದರೆ, ಒಬ್ಬ ಫೇಲಾದರೂ ಫಲಿತಾಂಶ ಶೇ. 4 ಇಳಿಯುತ್ತದೆ. ಹಾಗಾಗಿ ಗಣಿತದಲ್ಲಿ ಹಿಂದಿರುವವರಿಗೆ ಮೂರು ದಾರಿಗಳನ್ನೂ ಮಾಡಿ ನೋಡಿದ್ದೇನೆ.

ಸಂಜೆಯ ವಿಶೇಷ ತರಗತಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಮಧ್ಯಾಹ್ನದ ಊಟ ಅಷ್ಟೊತ್ತಿಗೆ ಕರಗಿರುತ್ತದೆ. ಮಕ್ಕಳ ಕಿವಿ ಬಸ್ಸಿನ ಹಾರ್ನ್ ಕಡೆಗೇ. ಯಾರಿಗೆ ನಿಜವಾಗಿ ಬೇಕೋ ಅವರೇ ದೂರದ ಊರಿನವರು, ಮೊದಲು ಎದ್ದು ಹೋಗುವವರೂ ಅವರೇ.

ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟು ಅಂಕ ಸಿಗುವ ಕೆಲವೇ ಪಾಠಭಾಗ ಆರಿಸಿ ಅಭ್ಯಾಸ ಮಾಡಿಸುವುದು, ಬೇಗ ಫಲ ಕೊಡುತ್ತದೆ, ಸುಳ್ಳಲ್ಲ. ಲಿಖಿತ ಪರೀಕ್ಷೆ 80 ಅಂಕಕ್ಕೆ. ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ, ಸೂತ್ರಗಳು, ಇಷ್ಟನ್ನು ತಿದ್ದಿಸಿದರೆ ದಡ ಸೇರುತ್ತಾರೆ. ಆದರೆ ಉರು ಹೊಡೆದ ಪ್ರಮೇಯದಲ್ಲಿ ತ್ರಿಭುಜದ ಹೆಸರು ಎಬಿಸಿ ಬದಲು ಪಿಕ್ಯೂಆರ್ ಆದರೆ ಸಾಕು, ಪೆನ್ನು ನಿಂತುಬಿಡುತ್ತದೆ. ನಕ್ಷೆಯಲ್ಲೂ ಅಷ್ಟೇ, ಮೈನಸ್ ಬಂದ ಕಡೆ ಬಿಂದು ದಾರಿ ತಪ್ಪುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರವಾಗಿ ನಿಗಾ ಇಡುವ ವ್ಯವಸ್ಥೆ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ ಶೇ. 73.40ಕ್ಕೆ ಬಂತು. ಪಕ್ಕದವರ ಸಹಾಯವಿಲ್ಲದ ಕೊಠಡಿಯಲ್ಲಿ ಬರೀ ಉರು ಎಷ್ಟು ದೂರ ಬರುತ್ತದೆ ಹೇಳಿ?

ನನ್ನ ಓಟು ಗುಂಪು ಓದಿಗೆ. ಒಂದೇ ಬೀದಿಯ ನಾಲ್ಕೈದು ಮಕ್ಕಳು, ಅವರಲ್ಲಿ ಒಬ್ಬರು ಲೀಡರ್. ಏಳನೇ ಕ್ಲಾಸಿನ ಭಾಗಾಕಾರ ಬರೋದಿಲ್ಲ ಅಂತ ಹತ್ತನೇ ಕ್ಲಾಸಿನ ಹುಡುಗ ನನ್ನ ಹತ್ತಿರ ಬಾಯಿ ಬಿಡುವುದಿಲ್ಲ. ಗೆಳೆಯನ ಹತ್ತಿರ ಕೇಳುತ್ತಾನೆ. "ಲೋ, ಆಚೆ ಕಡೆ ಹೋದ್ರೆ ಮೈನಸ್ಸು ಪ್ಲಸ್ಸಾಗುತ್ತೆ ಕಣೋ" ಅನ್ನುವ ಒಂದು ಮಾತು ನನ್ನ ಅರ್ಧ ಪೀರಿಯಡ್‌ಗೆ ಸಮ. ಬಸ್ಸಿನ ಗೋಜೂ ಇಲ್ಲ, ಹೆಣ್ಣುಮಕ್ಕಳು ಕತ್ತಲಾದ ಮೇಲೆ ದೂರ ಹೋಗುವುದೂ ಬೇಡ.

ತೊಂದರೆ ಇಲ್ಲವೇ ಅಂದರೆ, ಇದೆ. ಲೀಡರ್ ತಪ್ಪು ಕಲಿತರೆ ಇಡೀ ಗುಂಪು ಅದೇ ತಪ್ಪು ಬರೆಯುತ್ತದೆ. ಅದಕ್ಕೆ ಪ್ರತಿ ಸೋಮವಾರ ಲೀಡರ್‌ಗಳ ನೋಟ್‌ಬುಕ್ ಮಾತ್ರ ಕೂತು ನೋಡುತ್ತೇನೆ. "ನಮ್ಮ ಹುಡುಗಿ ಓದೋದು ಯಾವಾಗ ಸಾರ್?" ಅಂತ ಲೀಡರ್‌ಗಳ ಅಪ್ಪಂದಿರು ಕೇಳಿದ್ದೂ ಉಂಟು. ಹೇಳಿಕೊಟ್ಟ ಲೆಕ್ಕ ಅವಳಿಗೇ ಗಟ್ಟಿಯಾಗುತ್ತದೆ ಅಂತ ಒಪ್ಪಿಸಲು ಘಟಕ ಪರೀಕ್ಷೆಯ ಅಂಕ ತೋರಿಸಬೇಕಾಗುತ್ತದೆ.

ಗುಂಪುಗಳನ್ನು ಜೂನ್‌ನಲ್ಲೇ ಮಾಡಿ. ಪ್ಯಾಕೇಜನ್ನು ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ, ಇನ್ನೂ ಅಂಚಿನಲ್ಲಿರುವವರಿಗೆ ಮಾತ್ರ ಕೊಡಿ. ವಿಶೇಷ ತರಗತಿ ಮಾಡಲೇಬೇಕು ಅಂತ ಆದೇಶ ಬಂದರೆ, ಬೆಳಿಗ್ಗೆ ಬಸ್ಸು ಬೇಗ ಬರುವ ಊರಾದರೆ ಬೆಳಿಗ್ಗೆಯೇ ಇಡಿ.