ವೈಪರ್ ನಿಂತ ಕೂಡಲೇ ಮೋಟರ್ ಬದಲಿಸಲು ಒಪ್ಪಬೇಡಿ

ಹಳೇ ಪಿಕಪ್ ಇಟ್ಟುಕೊಂಡವರು, ಅದರಲ್ಲೂ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಧೂಳಲ್ಲಿ ಓಡಿಸುವವರು, ಇದನ್ನು ಓದಿ. ವೈಪರ್ ನಿಧಾನ ಆಗಿದೆ ಅಂತ ಅಂಗಡಿಗೆ ಹೋದರೆ ಬಾನೆಟ್ ಎತ್ತುವ ಮುಂಚೆಯೇ "ಮೋಟರ್ ಹೋಗಿದೆ ಸಾರ್" ಅನ್ನುವವರಿದ್ದಾರೆ. ಸುಮ್ನೆ ತಲೆ ಆಡಿಸಬೇಡಿ. ನಮಗೆ ದುಡ್ಡೂ ಹೋಯ್ತು, ಗಾಡಿ ಸುಟ್ಟುಹೋಗುವುದೂ ಸ್ವಲ್ಪದರಲ್ಲಿ ತಪ್ಪಿತು.

ನಮ್ಮದು ಈರುಳ್ಳಿ, ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆ ಎಪಿಎಂಸಿಗೆ ಹೋಗಿ ಬರುವ ಗಾಡಿ. ವೈಪರ್ ಗಾಜಿನ ಅರ್ಧದವರೆಗೆ ಹೋಗಿ, ದಮ್ಮು ಹತ್ತಿದ ಮುದುಕನ ಹಾಗೆ ಅಲ್ಲೇ ನಿಂತು, ಆಮೇಲೆ ಮೆಲ್ಲಗೆ ವಾಪಸ್ ಬರುತ್ತಿತ್ತು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವ ದಿನ ಹತ್ತಿರ ಬಂದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇಕೇ ಬೇಕು, ಅಲ್ಲಿ ವೈಪರ್ ಆಡದಿದ್ದರೆ ಆಗಲ್ಲ. ಹಂಗಾಗಿ ನನ್ನ ತಮ್ಮ ಗಾಡಿಯನ್ನು ದಾವಣಗೆರೆಯ ಒಂದು ಅಂಗಡಿಗೆ ಬಿಟ್ಟು ಬಂದ. ಹೆಸರು ಬೇಡ ಬಿಡಿ.

ಸಂಜೆ ಹೋದರೆ ಹೊಸ ಮೋಟರ್ ಕೂರಿಸಿದ್ದರು. ಅದಕ್ಕೆ 2,600 ರೂಪಾಯಿ, ಕೂಲಿ ಬೇರೆ, ಬಿಲ್ ಇಲ್ಲ. ಮೋಟರ್ ಮೇಲೆ ಕಂಪನಿ ಸ್ಟಿಕರ್ ಇತ್ತು, ಆದರೆ ಉಗುರಲ್ಲಿ ಕೆರೆದರೆ ಸಿಪ್ಪೆ ಏಳುವಂಥದ್ದು. ನಮ್ಮ ಹಳೇ ಮೋಟರ್ ಎಲ್ಲಿ ಅಂದರೆ ಗುಜರಿಗೆ ಹಾಕಿದ್ವಿ ಅಂದರು. ಬೆಳಗ್ಗೆ ಬಿಚ್ಚಿದ್ದು ಸಂಜೆಗೆ ಗುಜರಿಗೆ ಹೋಗಿಬಿಡುತ್ತಾ? ಅದು ಚೆನ್ನಾಗೇ ಇತ್ತು, ಇಷ್ಟೊತ್ತಿಗೆ ಬೇರೆ ಯಾರದೋ ಗಾಡಿ ಸೇರಿರುತ್ತೆ ಅನ್ನೋದು ನನ್ನ ಅನುಮಾನ.

ಕೆಲವು ದಿನ ಆಡಿತು. ಆಮೇಲೆ ಫ್ಯೂಸ್ ಹೋಗಲು ಶುರು. ಮತ್ತೆ ಅದೇ ಅಂಗಡಿ. ಈ ಸಲ ಅವರು ಮಾಡಿದ್ದು ನೋಡಿ: ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಇದ್ದ ಜಾಗಕ್ಕೆ ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಚುಚ್ಚಿದರು. "ಇನ್ನು ಹೋಗಲ್ಲ ಬಿಡಿ" ಅಂದರಂತೆ. ಸ್ಟೇರಿಂಗ್ ಪಕ್ಕದ ಸ್ವಿಚ್ಚೂ ಸರಿ ಇಲ್ಲ ಅಂತ ಹೇಳಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಟಾಗಲ್ ಸ್ವಿಚ್ ಹಾಕಿ ಮೋಟರಿಗೆ ಡೈರೆಕ್ಟ್ ಕರೆಂಟ್ ಕೊಟ್ಟರು. ಅಲ್ಲಿಂದ ವೈಪರ್ ತನ್ನ ಜಾಗಕ್ಕೆ ಹೋಗಿ ಕೂರುವುದೇ ನಿಂತಿತು. ಸ್ವಿಚ್ ಆಫ್ ಮಾಡಿದರೆ ಗಾಜಿನ ನಟ್ಟನಡುವೆ, ಕಣ್ಣೆದುರಿಗೇ ನಿಲ್ಲುತ್ತಿತ್ತು. ಆಫ್ ಮಾಡಿದ ಮೇಲೂ ವೈಪರನ್ನು ಕೆಳಗಿನವರೆಗೆ ತಂದು ಬಿಡಲು ಮೋಟರಿಗೆ ಬೇರೆ ವೈರ್ ಇರುತ್ತದೆ, ಮೋಟರ್ ಒಳಗೇ ಒಂದು ಪಾರ್ಕಿಂಗ್ ಸ್ವಿಚ್ ಇರುತ್ತದೆ. ಇವರು ಅದನ್ನೆಲ್ಲ ಕತ್ತರಿಸಿ ಟೇಪ್ ಸುತ್ತಿದ್ದರು.

ಆಮೇಲೆ ಒಂದು ರಾತ್ರಿ ಎನ್‌ಎಚ್ 48ರಲ್ಲಿ, ಭರಮಸಾಗರದ ಆಸುಪಾಸು, ಜೋರು ಮಳೆ. ಮುಂದಿನ ಲಾರಿ ಚಿಮ್ಮಿಸುವ ಕೆಸರು ನೀರು ಬೇರೆ. ವೈಪರ್ ಎಳೆದೂ ಎಳೆದೂ ನಿಂತಿತು, ಡ್ಯಾಶ್‌ಬೋರ್ಡ್ ಒಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಫ್ಯೂಸ್ ಮಾತ್ರ ಗಟ್ಟಿಯಾಗಿ ಕೂತಿತ್ತು! ತಮ್ಮ ಪಕ್ಕಕ್ಕೆ ಹಾಕಿ ಬ್ಯಾಟರಿ ಟರ್ಮಿನಲ್ ಕಿತ್ತದ್ದಕ್ಕೆ ಅಷ್ಟಕ್ಕೇ ಮುಗಿಯಿತು. ಗಾಜಿಗೆ ಆಲೂಗಡ್ಡೆ, ಹೊಗೆಸೊಪ್ಪು ಉಜ್ಜಿದರೆ ಸಾಕು ಅನ್ನುವ ಹಳೇ ಡ್ರೈವರುಗಳಿದ್ದಾರಲ್ಲ, ಅದು ಸೋನೆ ಮಳೆಗೆ ಸರಿ, ಹೈವೇ ಕೆಸರಿಗೆ ಏನೂ ನಡೆಯಲ್ಲ.

ಚಿತ್ರದುರ್ಗದಲ್ಲಿ ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿದೆವು. ಆತ ಮೋಟರ್ ಮುಟ್ಟಲೇ ಇಲ್ಲ. ಮೊದಲು ಗಾಜಿನ ಕೆಳಗಿನ ಕವರ್ ತೆಗೆದು, ಮೋಟರಿನಿಂದ ಲಿಂಕ್ ರಾಡುಗಳನ್ನು (ಮೋಟರ್ ತಿರುಗಿದ್ದನ್ನು ವೈಪರ್ ಕಡ್ಡಿಗಳಿಗೆ ಮುಟ್ಟಿಸುವ ಸರಳುಗಳು) ಕಳಚಿ, ವೈಪರ್ ಕಡ್ಡಿಗಳನ್ನು ಒಂದೊಂದಾಗಿ ಕೈಯಲ್ಲಿ ಆಡಿಸಿ ಅಂದರು. ಡ್ರೈವರ್ ಕಡೆಯದು ಒಂದೇ ಬೆರಳಿಗೆ ಆಡಿತು. ಕ್ಲೀನರ್ ಕಡೆಯದು ಎರಡು ಕೈ ಹಾಕಿದರೂ ಜಗ್ಗಲಿಲ್ಲ. ಆ ಕಡ್ಡಿ ಕೂರುವ ಶಾಫ್ಟ್ (ಕಡ್ಡಿಯನ್ನು ತಿರುಗಿಸುವ ಗೂಟ) ಮೇಲಿನ ರಬ್ಬರ್ ಟೋಪಿ ಯಾವಾಗಲೋ ಉದುರಿತ್ತು. ಬೇಸಿಗೆಯೆಲ್ಲ ಧೂಳು ಇಳಿದು, ಮಳೆ ನೀರು ಸೇರಿ, ಗ್ರೀಸ್ ಒಣಗಿ, ಶಾಫ್ಟ್ ತಿರುಗುವ ಕೊಳವೆ, ಅಂದರೆ ಬುಷ್ ಒಳಗೆ ಕೆಂಪು ತುಕ್ಕು ಹೆಪ್ಪುಗಟ್ಟಿತ್ತು. ಮೂಲ ತೊಂದರೆ ಅಷ್ಟೇ.

ಮೋಟರ್ ತಿರುಗಲಾಗದೆ ಒದ್ದಾಡಿದಾಗ ಮಾಮೂಲಿಗಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆಯುತ್ತದೆ. ಫ್ಯೂಸ್ ಹೋಗುತ್ತಿದ್ದದ್ದು ಅದಕ್ಕೇ. ಫ್ಯೂಸ್ ಇರುವುದು ವೈರ್ ಉಳಿಸಲು. ದೊಡ್ಡದು ಹಾಕಿದರೆ ಫ್ಯೂಸ್ ಉಳಿಯುತ್ತೆ, ವೈರ್ ಕರಗುತ್ತೆ.

ಆತ ಶಾಫ್ಟ್ ಹೊರಗೆ ತೆಗೆದು ಡೀಸೆಲ್‌ನಲ್ಲಿ ನೆನೆಹಾಕಿ, ಜೀರೋ ಎಮರಿ ಕಾಗದದಲ್ಲಿ (ತೀರಾ ನಯವಾದ ಉಜ್ಜುವ ಕಾಗದ) ಉಜ್ಜಿ, ಹೊಸ ಗ್ರೀಸ್ ತುಂಬಿ, ಸವೆದ ನೈಲಾನ್ ಬುಷ್ ಬದಲಿಸಿ ಕೊಟ್ಟರು. ಮೊದಲೇ ಇದನ್ನು ಮಾಡಿದ್ದರೆ ಮೋಟರಿನ ದುಡ್ಡಲ್ಲಿ ಕಾಲು ಭಾಗವೂ ಆಗುತ್ತಿರಲಿಲ್ಲ. ಸುಟ್ಟ ವೈರಿಂಗ್ ಎಳೆಸಿದ್ದೇ ಜಾಸ್ತಿ ಖರ್ಚು. ಸ್ಟೇರಿಂಗ್ ಪಕ್ಕದ ಹಳೇ ಸ್ವಿಚ್ ಚೆನ್ನಾಗಿಯೇ ಇತ್ತು, ಈಗಲೂ ಅದೇ ಇದೆ.

ಹಾಗಾಗಿ ಮೋಟರ್ ಹೋಗಿದೆ ಅಂತ ಯಾರಾದರೂ ಅಂದರೆ, ಲಿಂಕ್ ಕಳಚಿ ತೋರಿಸಿ ಅನ್ನಿ. ಲಿಂಕ್ ಇಲ್ಲದೆ ಮೋಟರ್ ಸಲೀಸಾಗಿ ತಿರುಗಿ, ಕಡ್ಡಿ ಕೈಗೆ ಬಿಗಿಯಾಗಿ ಸಿಕ್ಕರೆ ತೊಂದರೆ ಶಾಫ್ಟಿನದು. ಕಡ್ಡಿ ಹಗುರವಾಗಿ ಆಡಿ ಮೋಟರ್ ತಿರುಗದಿದ್ದರೆ ಆಗ ಫ್ಯೂಸ್, ಅರ್ತ್ ವೈರ್, ಸ್ವಿಚ್ ನೋಡಿಸಿ, ಮೋಟರನ್ನು ನೇರ ಬ್ಯಾಟರಿಗೆ ಕೊಟ್ಟು ನೋಡಿಸಿ, ಆಮೇಲೆ ಹೊಸ ಮೋಟರಿನ ಮಾತು. ಲಿಂಕ್ ಹತ್ತಿರ ಬೆರಳು ಇಟ್ಟುಕೊಂಡು ಮಾತ್ರ ಸ್ವಿಚ್ ಹಾಕಿಸಬೇಡಿ, ಬೆರಳು ಜಜ್ಜಿಹೋಗುತ್ತೆ.

ಇನ್ನೊಂದು. ಕಡ್ಡಿ ಬಿಚ್ಚುವ ಮುಂಚೆ ಅದು ಕೂತಿದ್ದ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ. ವಾಪಸ್ ಹಾಕುವಾಗ ಮೋಟರನ್ನು ಒಂದು ಸಲ ಆನ್ ಆಫ್ ಮಾಡಿ ತನ್ನ ಜಾಗಕ್ಕೆ ಬಂದ ಮೇಲೆ ಕಡ್ಡಿ ಕೂರಿಸಿ ನಟ್ ಬಿಗಿ ಮಾಡಬೇಕು. ನಟ್ ಸಡಿಲ ಬಿಟ್ಟರೆ ಶಾಫ್ಟಿಗೆ ಕಚ್ಚಿಕೊಳ್ಳುವ ಕಡ್ಡಿಯ ಹಲ್ಲು ಸವೆದು, ಮೋಟರ್ ತಿರುಗಿದರೂ ಕಡ್ಡಿ ಆಡಲ್ಲ. ಅದಕ್ಕೂ "ಮೋಟರ್ ಹೋಗಿದೆ" ಅಂತಲೇ ಹೇಳಿಸಿಕೊಳ್ಳುತ್ತೀರಿ.

ದಾವಣಗೆರೆ ಅಂಗಡಿಯವರ ಹತ್ತಿರ ಕೇಳಲು ಹೋದ ತಮ್ಮನಿಗೆ ಸಿಕ್ಕ ಉತ್ತರ: "ನಮ್ಮ ಹತ್ತಿರ ಹಾಕಿಸಿದ್ದು ಅನ್ನೋದಕ್ಕೆ ಬಿಲ್ ಇದೆಯಾ?"