ನಾಲ್ಕು ದಿನದ ಐಎಸ್‌ಒ 15189 ಆಡಿಟರ್ ಕೋರ್ಸ್: ಫೀಸು ಕಟ್ಟುವ ಮುಂಚೆ

ಡಿಎಂಎಲ್‌ಟಿ, ಬಿಎಸ್‌ಸಿ ಎಂಎಲ್‌ಟಿ ಮುಗಿಸಿ ಲ್ಯಾಬ್ ಬೆಂಚಿನಿಂದ ಕ್ವಾಲಿಟಿ ವಿಭಾಗಕ್ಕೆ ಹೋಗಬೇಕೆನ್ನುವವರು ಮೊದಲು ಸೇರುವುದು ಐಎಸ್‌ಒ 15189ರ (ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ) ಈ ಆಂತರಿಕ ಆಡಿಟರ್ ತರಬೇತಿಗೆ. ಸಂಸ್ಥೆ ಯಾವುದಾದರೂ ಆಗಲಿ, ಮೊದಲು ಸ್ಲೈಡ್ ಕೇಳಿ ನೋಡಿ. ಮಾನದಂಡದ ಅವಶ್ಯಕತೆಗಳೆಲ್ಲ 4 ಮತ್ತು 5ನೇ ಅಧ್ಯಾಯದಲ್ಲೇ ಮುಗಿದರೆ ಅದು 2012ರ ಹಳೇ ಸರಕು. 2022ರ ಆವೃತ್ತಿಯಲ್ಲಿ ಅವು 4ರಿಂದ 8ರವರೆಗೆ ಹರಡಿವೆ, ಪಾಯಿಂಟ್ ಆಫ್ ಕೇರ್ (ರೋಗಿಯ ಬಳಿಯೇ ಮಾಡುವ) ಪರೀಕ್ಷೆಯೂ ಒಳಗೆ ಬಂದಿದೆ.

ಕೋರ್ಸಿನ ಜೀವ ಇರುವುದು ಕಂಟ್ರೋಲ್ ಚಾರ್ಟ್ ಅಭ್ಯಾಸದಲ್ಲಿ. ಕಂಟ್ರೋಲ್ ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡಲು ಓಡಿಸುವ, ಮೌಲ್ಯ ಗೊತ್ತಿರುವ ಮಾದರಿ; ಅದರ ರೀಡಿಂಗನ್ನು ಚಾರ್ಟಿನಲ್ಲಿ ಗುರುತಿಸುತ್ತಾರೆ. ಗ್ಲೂಕೋಸ್ ಕಂಟ್ರೋಲಿನ ಸರಾಸರಿ 100, ಎಸ್‌ಡಿ (ರೀಡಿಂಗ್ ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) 3 ಎಂದಿಟ್ಟುಕೊಳ್ಳಿ. ನಿನ್ನೆ 107, ಇವತ್ತು 108. ಎರಡೂ 109ರ (ಸರಾಸರಿಗಿಂತ 3 ಎಸ್‌ಡಿ ಮೇಲೆ) ಒಳಗೇ ಇವೆಯಲ್ಲ ಎಂದು ರಿಪೋರ್ಟ್ ಬಿಡುವವರೇ ಜಾಸ್ತಿ. ಆದರೆ ಸತತ ಎರಡು ಸಲ 106 (ಸರಾಸರಿಗಿಂತ 2 ಎಸ್‌ಡಿ ಮೇಲೆ) ದಾಟಿದೆ, ಕಂಟ್ರೋಲ್ ರೀಡಿಂಗಿಗೆಂದೇ ಇರುವ ವೆಸ್ಟ್‌ಗಾರ್ಡ್‌ನ 2-2ಎಸ್ ನಿಯಮ ಮುರಿದಿದೆ. ಕ್ಯಾಲಿಬ್ರೇಷನ್, ಹೊಸ ರೀಏಜೆಂಟ್ ಲಾಟ್ ನೋಡಬೇಕು. ಸರಿಬರುವ ತನಕ ಕಂಟ್ರೋಲನ್ನೇ ಮತ್ತೆ ಮತ್ತೆ ಓಡಿಸುವುದಲ್ಲ. ಎಸ್‌ಡಿಯನ್ನೂ ಕಿಟ್ ಚೀಟಿಯಿಂದ ಎತ್ತಿಕೊಳ್ಳದೆ ನಿಮ್ಮದೇ ಕನಿಷ್ಠ 20 ದಿನದ ರೀಡಿಂಗಿನಿಂದ ಲೆಕ್ಕ ಹಾಕಿ. ಚೀಟಿಯ ರೇಂಜ್ ಸಾಮಾನ್ಯವಾಗಿ ಅಗಲ, ತಪ್ಪು ಅದರೊಳಗೆ ಅಡಗಿ ಕೂರುತ್ತದೆ.

ಕೊರತೆಯೆಂದರೆ, ಎನ್‌ಸಿ (ನಾನ್‌ಕನ್‌ಫರ್ಮಿಟಿ, ಅಂದರೆ ಮಾನದಂಡ ಪಾಲಿಸದ ಕಡೆ ಆಡಿಟರ್ ಬರೆಯುವ ಟಿಪ್ಪಣಿ) ಬರೆಸುವ ಅಭ್ಯಾಸ ಸಾಲದು. ‘ಫ್ರಿಜ್ ದಾಖಲೆ ಸರಿಯಿಲ್ಲ’ ಅನ್ನುವುದು ಎನ್‌ಸಿ ಅಲ್ಲ, ಗೊಣಗಾಟ. ಯಾವ ಫ್ರಿಜ್, ಯಾವ ತಾರೀಖು, 2–8 ಡಿಗ್ರಿಯಲ್ಲಿ ಇಡಬೇಕಾದ ಯಾವ ರೀಏಜೆಂಟ್, ಮಾನದಂಡದ ಯಾವ ಕಲಮು (ಕ್ಲಾಸ್), ಎಲ್ಲ ಬೇಕು. ಕೊನೆಯ ದಿನ ಪರೀಕ್ಷೆಯಷ್ಟೇ ಇದ್ದು ಅಣಕು ಆಡಿಟ್ ಇಲ್ಲದ ಕಡೆ ದುಡ್ಡು ಹಾಕಬೇಡಿ.